ಹಳೆಯ ಗೇಮಿಂಗ್ ಪಿಸಿ: ಬಿಡಿಭಾಗ ಬದಲಿಸುವುದೋ, ಹೊಸದನ್ನೇ ಕಟ್ಟುವುದೋ?

ಗೇಮ್ ತಡವರಿಸತೊಡಗಿದ ಕೂಡಲೇ ಹೆಚ್ಚಿನವರು ಹೊಸ ಗ್ರಾಫಿಕ್ಸ್ ಕಾರ್ಡ್ ಹುಡುಕಲು ಕೂರುತ್ತಾರೆ. ಇನ್ನು ಕೆಲವರು "ಆರು ವರ್ಷ ಆಯಿತಲ್ಲ, ಪೂರ್ತಿ ಹೊಸದೇ ಕಟ್ಟಿಸೋಣ" ಅನ್ನುತ್ತಾರೆ. ಎರಡೂ ಅವಸರದ ತೀರ್ಮಾನವೇ. ಪಿಸಿಯ ವಯಸ್ಸು ಹೇಳುವುದು ಕಡಿಮೆ. ಒಂದು ಭಾಗ ಬದಲಿಸಲು ಹೋದರೆ ಅದು ತನ್ನ ಜೊತೆ ಇನ್ನೆಷ್ಟು ಭಾಗಗಳನ್ನು ಎಳೆದುಕೊಂಡು ಬರುತ್ತದೆ ಎಂದು ಎಣಿಸಿದರೆ ಉತ್ತರ ತಾನಾಗಿ ಸಿಗುತ್ತದೆ. ಕಾರ್ಡ್ ಒಂದನ್ನೇ ಬದಲಿಸಿದರೆ ಸಾಕು ಅನ್ನುವಂತಿದ್ದರೆ ಎಂಟು ವರ್ಷದ ಪಿಸಿಯನ್ನೂ ಧೈರ್ಯವಾಗಿ ಉಳಿಸಿಕೊಳ್ಳಿ. ಪ್ರೊಸೆಸರ್‌ಗಾಗಿ ಮದರ್‌ಬೋರ್ಡ್, ಅದಕ್ಕಾಗಿ ರ‍್ಯಾಮ್, ಕಾರ್ಡಿಗಾಗಿ ಪವರ್ ಸಪ್ಲೈ, ಕಾರ್ಡ್ ಹಿಡಿಸಲು ಕ್ಯಾಬಿನೆಟ್ ಎಂದು ಸರಪಳಿ ಬೆಳೆದರೆ ನಾಲ್ಕೇ ವರ್ಷದ್ದಾದರೂ ಬಿಡುವುದು ಲೇಸು.

ಆ ಲೆಕ್ಕಕ್ಕೆ ಮುಂಚೆ ಎರಡು ಕೆಲಸ ಆಗಬೇಕು. ಇರುವ ಪಿಸಿ ತನ್ನ ಪೂರ್ಣ ಶಕ್ತಿಯಲ್ಲಿ ಓಡುತ್ತಿದೆಯೇ ಎಂದು ನೋಡಬೇಕು. ಆಮೇಲೆ ಎಲ್ಲಿ ಕಟ್ಟಿಕೊಂಡಿದೆ, ಅಂದರೆ ಯಾವ ಭಾಗ ಉಳಿದವನ್ನು ತಡೆಯುತ್ತಿದೆ ಎಂದು ಅಳೆಯಬೇಕು.

ಹಂತ 1: ಖರ್ಚಿಲ್ಲದ ರಿಪೇರಿ ಮೊದಲು

ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಧೂಳು ಹೊರಹಾಕಿ. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬಿಟ್ಟರೆ ಅದು ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಕೆಡುತ್ತದೆ. ನಂತರ ಬಿಡಿಭಾಗಗಳ ತಾಪ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶ ತೆರೆದಿಟ್ಟು ಅರ್ಧ ಗಂಟೆ ಆಡಿ. ಪ್ರೊಸೆಸರ್ 95 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮುಟ್ಟುತ್ತಿದ್ದರೆ ಅದು ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತಿದೆ ಎಂದರ್ಥ. ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ನಾಲ್ಕೈದು ವರ್ಷಕ್ಕೆ ಒಣಗಿರುತ್ತದೆ. ಹೊಸದನ್ನು ಬಟಾಣಿ ಗಾತ್ರದಷ್ಟು ಹಾಕಿದರೆ ಸಾಕು.

ರ‍್ಯಾಮ್ ವಿಷಯದಲ್ಲಿ ಆಗುವ ತಪ್ಪು ವರ್ಷಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಪುಟ ತೆರೆದು ವೇಗ ನೋಡಿ. ನೀವು ಕೊಂಡದ್ದು 3200ರ ಡಿಡಿಆರ್4 ಆಗಿದ್ದು ಅಲ್ಲಿ 2133, 2400 ಅಥವಾ 2666 ಕಂಡರೆ ಬಯೋಸ್‌ನಲ್ಲಿ (ಮದರ್‌ಬೋರ್ಡಿನೊಳಗಿನ ಮೂಲ ತಂತ್ರಾಂಶ) ಎಕ್ಸ್‌ಎಂಪಿ, ಅಂದರೆ ರ‍್ಯಾಮ್ ಅನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಸೆಟ್ಟಿಂಗ್, ಆನ್ ಆಗಿಲ್ಲ. ಕೆಲವು ಬೋರ್ಡ್‌ಗಳಲ್ಲಿ ಇದಕ್ಕೆ ಡಿಒಸಿಪಿ ಎಂಬ ಹೆಸರಿದೆ, ಎಎಂಡಿಯ ಡಿಡಿಆರ್5 ಬೋರ್ಡ್‌ಗಳಲ್ಲಿ ಎಕ್ಸ್‌ಪೋ. ಇನ್ನು ಎರಡು ಸ್ಟಿಕ್‌ಗಳು ಯಾವ ಸ್ಲಾಟ್‌ನಲ್ಲಿವೆ ನೋಡಿ. ನಾಲ್ಕು ಸ್ಲಾಟ್‌ನ ಬೋರ್ಡ್‌ನಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಸಾಮಾನ್ಯವಾಗಿ ಎರಡನೆಯದು ಮತ್ತು ನಾಲ್ಕನೆಯದು. ಅಕ್ಕಪಕ್ಕ ಚುಚ್ಚಿದ್ದರೆ ಸಾಮಾನ್ಯವಾಗಿ ಒಂದೇ ಚಾನೆಲ್‌ನಲ್ಲಿ (ಪ್ರೊಸೆಸರ್‌ಗೆ ಹೋಗುವ ಎರಡು ದಾರಿಗಳಲ್ಲಿ ಒಂದರಲ್ಲೇ) ಓಡುತ್ತಿರುತ್ತದೆ, ಗೇಮ್ ಆಗಾಗ ಕುಂಟುತ್ತದೆ. ಒಂದೇ ಸ್ಟಿಕ್ ಇದ್ದರೂ ಅದೇ ಕತೆ.

ಇನ್ನೆರಡು ನಿಮಿಷದ ಪರೀಕ್ಷೆ: ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಸಿಕ್ಕಿಸಿದೆಯೇ? ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 144 ಹರ್ಟ್ಸ್ ಮಾನಿಟರ್ 60ರಲ್ಲೇ ಉಳಿದಿಲ್ಲವಷ್ಟೇ?

ಗೇಮ್‌ಗಳು ಇನ್ನೂ ಹಾರ್ಡ್ ಡಿಸ್ಕ್‌ನಲ್ಲಿದ್ದರೆ ಮುಂದಿನ ಯಾವ ಲೆಕ್ಕಕ್ಕೂ ಮುನ್ನ ಒಂದು ಎಸ್‌ಎಸ್‌ಡಿ ಹಾಕಿಸಿ. ಹಾರ್ಡ್ ಡಿಸ್ಕ್ ಸೆಕೆಂಡಿಗೆ 100ರಿಂದ 200 ಎಂಬಿ ಓದಿದರೆ ಸಾಟಾ ಎಸ್‌ಎಸ್‌ಡಿ ಸುಮಾರು 550 ಎಂಬಿ, ಬೋರ್ಡಿಗೇ ನೇರವಾಗಿ ಕೂರುವ ಮೂರನೇ ತಲೆಮಾರಿನ ಎನ್‌ವಿಎಂಇ ಎಸ್‌ಎಸ್‌ಡಿ ಸುಮಾರು 3500 ಎಂಬಿ ಓದುತ್ತದೆ. 2023ರಲ್ಲಿ ಬಂದ ಸ್ಟಾರ್‌ಫೀಲ್ಡ್ ಎಸ್‌ಎಸ್‌ಡಿಯನ್ನು ಕನಿಷ್ಠ ಅಗತ್ಯವೆಂದೇ ಕೇಳಿತು. ಈ ಖರ್ಚು ವ್ಯರ್ಥವಾಗುವುದಿಲ್ಲ: ನಾಳೆ ಹೊಸ ಪಿಸಿ ಕಟ್ಟಿದರೂ ಅದೇ ಎನ್‌ವಿಎಂಇ ಅಲ್ಲಿಗೆ ಹೋಗುತ್ತದೆ.

ಹಂತ 2: ಎಲ್ಲಿ ಕಟ್ಟಿಕೊಂಡಿದೆ?

ಎಂಎಸ್‌ಐ ಆಫ್ಟರ್‌ಬರ್ನರ್ ಮತ್ತು ಅದರ ಜೊತೆಗೇ ಬರುವ ರಿವಾಟ್ಯೂನರ್ ಹಾಕಿಕೊಳ್ಳಿ. ಪರದೆಯ ಮೂಲೆಯಲ್ಲಿ ಐದು ಅಂಕಿ ಕಾಣುವಂತೆ ಮಾಡಿ: ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್), ಗ್ರಾಫಿಕ್ಸ್ ಬಳಕೆ, ಗ್ರಾಫಿಕ್ಸ್ ಮೆಮೊರಿ, ಪ್ರೊಸೆಸರ್‌ನ ಪ್ರತಿ ಕೋರ್‌ನ ಬಳಕೆ, ರ‍್ಯಾಮ್ ಬಳಕೆ. ವಿ-ಸಿಂಕ್ (ಫ್ರೇಮ್‌ಗಳನ್ನು ಮಾನಿಟರ್ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಮತ್ತು ಎಫ್‌ಪಿಎಸ್ ಮಿತಿ ಎರಡನ್ನೂ ತೆಗೆಯಿರಿ, ಇಲ್ಲದಿದ್ದರೆ ಅಂಕಿಗಳು ದಾರಿ ತಪ್ಪಿಸುತ್ತವೆ.

ನೀವು ನಿಜವಾಗಿ ಆಡುವ ಗೇಮ್‌ನಲ್ಲಿ, ಅದು ಹೆಚ್ಚು ಕಷ್ಟಪಡುವ ಜಾಗವನ್ನೇ ಆರಿಸಿಕೊಳ್ಳಿ. ಜನಜಂಗುಳಿಯ ನಗರದ ಬೀದಿಯೋ, ದೊಡ್ಡ ಕಾಳಗವೋ ಇರಲಿ. ಖಾಲಿ ಗುಹೆಯೊಳಗೆ ನಿಂತು ಅಳೆದರೆ ಏನೂ ತಿಳಿಯದು. ಅದೇ ದಾರಿಯಲ್ಲಿ ಮೂರು ಸಲ, ಎರಡೆರಡು ನಿಮಿಷ ಓಡಿ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಸರಾಸರಿಯ ಜೊತೆಗೆ ಕೆಳಗಿನ 1 ಶೇಕಡಾ ಎಫ್‌ಪಿಎಸ್ (ಅತಿ ನಿಧಾನವಾದ ನೂರನೇ ಒಂದು ಪಾಲು ಫ್ರೇಮ್‌ಗಳ ಅಂಕಿ) ಕೂಡ ಬೇಕು, ಯಾಕೆಂದರೆ ಕೈಗೆ ತಟ್ಟುವ ಕುಂಟುವಿಕೆ ಅಡಗಿರುವುದು ಅಲ್ಲೇ.

ಈಗ ರೆಸಲ್ಯೂಷನ್ ಅನ್ನು 720ಪಿಗೆ ಇಳಿಸಿ ಅದೇ ದಾರಿ ಓಡಿ. 58 ಇದ್ದ ಎಫ್‌ಪಿಎಸ್ 95ಕ್ಕೆ ಹಾರಿದರೆ ಪ್ರೊಸೆಸರ್‌ನಲ್ಲಿ ಇನ್ನೂ ಕಸುವಿದೆ, ಕಟ್ಟಿಕೊಂಡಿರುವುದು ಕಾರ್ಡ್. ಆಗ ಮೊದಲ ಓಟದಲ್ಲಿ ಗ್ರಾಫಿಕ್ಸ್ ಬಳಕೆಯೂ 95ರಿಂದ 99 ಶೇಕಡಾ ಇದ್ದಿರುತ್ತದೆ. 58 ಇದ್ದದ್ದು 61ಕ್ಕೆ ನಿಂತರೆ ಎಷ್ಟೇ ದುಬಾರಿ ಕಾರ್ಡ್ ತಂದರೂ ನಿಮಗೆ ಸಿಗುವುದು ಆ 61 ಮಾತ್ರ. ಪ್ರೊಸೆಸರ್ ಅದಕ್ಕಿಂತ ಹೆಚ್ಚು ಫ್ರೇಮ್ ಒದಗಿಸುತ್ತಿಲ್ಲ. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್‌ನಂಥ ಅಪ್‌ಸ್ಕೇಲಿಂಗ್ (ಚಿತ್ರವನ್ನು ಸಣ್ಣದಾಗಿ ರಚಿಸಿ ಹಿಗ್ಗಿಸುವ ತಂತ್ರ) ಕೂಡ ಅಂಥಲ್ಲಿ ಕೈಕೊಡುತ್ತವೆ, ಅವು ಇಳಿಸುವುದು ಕಾರ್ಡಿನ ಹೊರೆಯನ್ನು.

ಇಲ್ಲಿ ಬಹಳ ಜನ ಎಡವುವ ಒಂದು ಅಂಕಿ ಇದೆ. ಪ್ರೊಸೆಸರ್‌ನ ಒಟ್ಟು ಬಳಕೆ 45 ಶೇಕಡಾ ಅಂತ ಕಂಡ ಮಾತ್ರಕ್ಕೆ ಅದು ಬಿಡುವಾಗಿದೆ ಅಂದುಕೊಳ್ಳಬೇಡಿ. ಎಂಟು ಕೋರ್‌ಗಳಲ್ಲಿ ಒಂದೆರಡು 100 ಮುಟ್ಟಿ ಉಳಿದವು ಸುಮ್ಮನಿದ್ದರೂ ಒಟ್ಟು ಲೆಕ್ಕ ಕಡಿಮೆಯೇ ತೋರುತ್ತದೆ. ಗ್ರಾಫಿಕ್ಸ್ ಬಳಕೆ 80ಕ್ಕಿಂತ ಕೆಳಗೆ ತೂಗಾಡುತ್ತಿದ್ದು ಒಂದು ಕೋರ್ ನಿರಂತರ ತುಂಬಿದ್ದರೆ ತೊಂದರೆ ಪ್ರೊಸೆಸರ್‌ನದ್ದೇ.

ಗ್ರಾಫಿಕ್ಸ್ ಮೆಮೊರಿ ತುಂಬಿ ಹೊರಚೆಲ್ಲಿದಾಗ ಲಕ್ಷಣ ಬೇರೆ. ಸರಾಸರಿ ಚೆನ್ನಾಗಿರುತ್ತದೆ, ಆದರೆ ತಿರುಗಿ ನೋಡಿದ ಕೂಡಲೇ ಅರೆಕ್ಷಣ ಎಲ್ಲ ಹೆಪ್ಪುಗಟ್ಟುತ್ತದೆ, ಗೋಡೆಯ ಚಿತ್ರಗಳು ಮಸುಕಾಗಿ ಬಂದು ಆಮೇಲೆ ಸ್ಪಷ್ಟವಾಗುತ್ತವೆ. ಟೆಕ್ಸ್‌ಚರ್ ಒಂದು ಹಂತ ಇಳಿಸಿದಾಗ ಅದು ಮಾಯವಾದರೆ ಕಾರಣ ಖಚಿತ. ಒಟ್ಟು ರ‍್ಯಾಮ್ 8 ಜಿಬಿ ಮಾತ್ರವಿದ್ದರೂ ಹೀಗೇ ಆಗಬಹುದು. ಈಗಿನ ಗೇಮ್‌ಗಳಿಗೆ 16 ಜಿಬಿ ಕನಿಷ್ಠ.

ಹಂತ 3: ಸರಪಳಿ ಎಣಿಸಿ

ಅಳತೆ ಪ್ರೊಸೆಸರ್ ಕಡೆ ಬೆರಳು ತೋರಿಸಿದರೆ ಇಡೀ ತೀರ್ಮಾನ ಮದರ್‌ಬೋರ್ಡಿನ ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಮೇಲೆ ನಿಲ್ಲುತ್ತದೆ. ಸಿಪಿಯು-ಝಡ್ ತಂತ್ರಾಂಶದಲ್ಲಿ ಬೋರ್ಡಿನ ಮಾದರಿ, ಸಾಕೆಟ್, ಬಯೋಸ್ ಆವೃತ್ತಿ ಮೂರನ್ನೂ ಬರೆದುಕೊಳ್ಳಿ.

ಎಎಂ4 ಸಾಕೆಟ್ ಇರುವವರು ಪುಣ್ಯವಂತರು. 2017ರ ಮೊದಲ ರೈಜನ್ ಜೊತೆ ಬಂದ ಬಿ350, ಎಕ್ಸ್370 ಬೋರ್ಡ್‌ಗಳಲ್ಲೂ ಬಯೋಸ್ ನವೀಕರಿಸಿದರೆ ರೈಜನ್ 5000 ಸರಣಿ ಕೂರುತ್ತದೆ. ನಿಮ್ಮ ಬೋರ್ಡ್ ತಯಾರಕರ ಬೆಂಬಲ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಮಾತ್ರ ಖಚಿತ ಮಾಡಿಕೊಳ್ಳಿ. ರೈಜನ್ 5 1600 ಅಥವಾ 2600ರಿಂದ 5700ಎಕ್ಸ್3ಡಿ ಅಥವಾ 5800ಎಕ್ಸ್3ಡಿಗೆ ಹೋದರೆ ಬೇರೆಯದೇ ಪಿಸಿ ಕೊಂಡಂತೆ ಅನಿಸುತ್ತದೆ. ಇವೆರಡರಲ್ಲೂ 8 ಕೋರ್ ಮತ್ತು 96 ಎಂಬಿ ಎಲ್3 ಕ್ಯಾಶ್ ಇದೆ. ಗೇಮ್‌ಗೆ ಪದೇಪದೇ ಬೇಕಾಗುವ ದತ್ತಾಂಶ ರ‍್ಯಾಮ್‌ವರೆಗೆ ಹೋಗದೆ ಪ್ರೊಸೆಸರ್ ಒಳಗೇ ಸಿಗುವುದರಿಂದ ಹಳೆಯ ನಿಧಾನ ರ‍್ಯಾಮ್ ಇದ್ದರೂ ಹೆಚ್ಚು ನಷ್ಟವಾಗದು. ಇವು ಸಿಗದಿದ್ದರೆ ಅಥವಾ ಬೆಲೆ ವಿಪರೀತವಾದರೆ 5600 ಅಥವಾ 5700ಎಕ್ಸ್ ಕೂಡ ಒಳ್ಳೆಯ ಜಿಗಿತವೇ. 12 ಕೋರ್, 16 ಕೋರ್‌ನವು ಬರೀ ಗೇಮ್‌ಗೆ ಬೇಡ.

ಇಂಟೆಲ್‌ನಲ್ಲಿ ದಾರಿ ಕಿರಿದು. 12ನೇ ತಲೆಮಾರಿನ ಎಲ್‌ಜಿಎ1700 ಬೋರ್ಡ್ ಇದ್ದರೆ 13 ಮತ್ತು 14ನೇ ತಲೆಮಾರುಗಳೂ ಕೂರುತ್ತವೆ, ಹಾಗಾಗಿ ಐ3-12100 ಇದ್ದವರಿಗೆ ಮೇಲೇರಲು ಜಾಗವಿದೆ. ಆದರೆ ಅಗ್ಗದ ಎಚ್610 ಬೋರ್ಡ್‌ಗಳ ವಿದ್ಯುತ್ ಭಾಗ ಐ7, ಐ9ಗಳ ಹೊರೆ ತಡೆಯುವುದು ಕಷ್ಟ. ಜೊತೆಗೆ 13, 14ನೇ ತಲೆಮಾರಿನ ಹೆಚ್ಚು ವ್ಯಾಟ್‌ನ ಚಿಪ್‌ಗಳು ಅತಿಯಾದ ವೋಲ್ಟೇಜ್‌ನಿಂದ ಹಾಳಾಗುತ್ತಿದ್ದವು; ಇಂಟೆಲ್ 2024ರಲ್ಲಿ ಬಯೋಸ್ ಮೂಲಕ ಬರುವ ಮೈಕ್ರೋಕೋಡ್ ಪರಿಹಾರ ಕೊಟ್ಟಿತು. ಆದ್ದರಿಂದ ಬಯೋಸ್ ಮೊದಲು ನವೀಕರಿಸಿ, ಆಮೇಲೆ ಚಿಪ್ ಹಾಕಿ. ಈ ಸಾಲಿನ ಸೆಕೆಂಡ್ ಹ್ಯಾಂಡ್ ಐ9ಗೆ ಕೈಹಾಕದಿರುವುದೇ ಒಳ್ಳೆಯದು: ಮುಂಚೆ ಆದ ಹಾನಿಯನ್ನು ಯಾವ ನವೀಕರಣವೂ ಸರಿಪಡಿಸುವುದಿಲ್ಲ.

ಎಲ್‌ಜಿಎ1151 ಇದ್ದವರು ಹೆಸರು ನೋಡಿ ಮೋಸ ಹೋಗಬೇಡಿ. 6, 7ನೇ ತಲೆಮಾರಿನ ಬೋರ್ಡ್‌ಗಳಲ್ಲಿ 8, 9ನೇ ತಲೆಮಾರಿನ ಚಿಪ್ ಓಡುವುದಿಲ್ಲ, ಆಕಾರ ಒಂದೇ ಆದರೂ. ಐ5-6500 ಇರುವ ಪಿಸಿಗೆ ಹುಡುಕಿ ಹುಡುಕಿ ಐ7-7700ಕೆ ತಂದರೂ ಅದು ನಾಲ್ಕೇ ಕೋರ್. ಅಲ್ಲಿ ಹಣ ಹಾಕಬೇಡಿ.

ಇರುವ ಸಾಕೆಟ್‌ನಲ್ಲಿ ಮೇಲೇರುವ ದಾರಿ ಮುಗಿದಿದ್ದರೆ ಸರಪಳಿ ಹೀಗೆ ಬಿಚ್ಚಿಕೊಳ್ಳುತ್ತದೆ. ಎಎಂಡಿಯ ಎಎಂ5 ಆಗಲಿ, ಇಂಟೆಲ್‌ನ ಎಲ್‌ಜಿಎ1851 ಆಗಲಿ, ಎರಡಕ್ಕೂ ಡಿಡಿಆರ್5 ಬೇಕು; ಹಳೆಯ ಡಿಡಿಆರ್4 ಸ್ಟಿಕ್‌ನ ಕಚ್ಚೇ ಹೊಂದುವುದಿಲ್ಲ. ಅಂದರೆ ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರೂ ಒಟ್ಟಿಗೆ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿ ಬೆಲೆ ತೀವ್ರವಾಗಿ ಏರಿರುವುದರಿಂದ ಈ ಮೂರರಲ್ಲಿ ರ‍್ಯಾಮ್ ಪಾಲು ಈಗ ಸಣ್ಣದಲ್ಲ. ಕೈಯಲ್ಲಿ 32 ಜಿಬಿ ಡಿಡಿಆರ್4 ಇದ್ದರೆ ಅದಕ್ಕೊಂದು ಬೆಲೆ ಕಟ್ಟಿಯೇ ಲೆಕ್ಕ ಮಾಡಿ. ಎಎಂ4ಗೆ ಮೂಲ ಬ್ಯಾಕ್‌ಪ್ಲೇಟ್ (ಬೋರ್ಡಿನ ಹಿಂಬದಿಯ ತಟ್ಟೆ) ಬಳಸುವ ಕೂಲರ್‌ಗಳು ಸಾಮಾನ್ಯವಾಗಿ ಎಎಂ5ಗೂ ಹೊಂದುತ್ತವೆ. ತನ್ನದೇ ಬ್ಯಾಕ್‌ಪ್ಲೇಟ್ ಕೇಳುವ ಕೂಲರ್‌ಗೆ ಹೊಸ ಕಿಟ್ ಬೇಕು.

ದೊಡ್ಡ ಕಂಪನಿಗಳ ಸಿದ್ಧ ಪಿಸಿ ಆಗಿದ್ದರೆ ಒಮ್ಮೆ ಒಳಗೆ ಇಣುಕಿ. ಬೋರ್ಡಿಗೆ ಹೋಗುವ ಮುಖ್ಯ ವಿದ್ಯುತ್ ಕನೆಕ್ಟರ್‌ನಲ್ಲಿ 24 ಪಿನ್ ಇಲ್ಲದೆ ಕಡಿಮೆ ಇದ್ದರೆ, ಪವರ್ ಸಪ್ಲೈ ವಿಚಿತ್ರ ಆಕಾರದ್ದಾಗಿದ್ದರೆ, ಅಂಗಡಿಯ ಬೋರ್ಡ್, ಪವರ್ ಸಪ್ಲೈ ನೇರವಾಗಿ ಹೊಂದುವುದಿಲ್ಲ. ಅಂಥದ್ದರಲ್ಲಿ ಎಸ್‌ಎಸ್‌ಡಿ, ರ‍್ಯಾಮ್, ಮತ್ತು ಹೆಚ್ಚುವರಿ ಕೇಬಲ್ ಬೇಡದ ಸಣ್ಣ ಕಾರ್ಡ್ ಇಷ್ಟಕ್ಕೇ ನಿಲ್ಲಿಸಿ.

ಹಂತ 4: ಕಾರ್ಡ್ ಬದಲಿಸುವುದಾದರೆ

ಹಳೆಯ ಬೋರ್ಡಿಗೆ ಹೊಸ ಕಾರ್ಡ್ ಹಾಕುವಾಗ ಡಬ್ಬದ ಮೇಲೆ ಕಾಣದ ಒಂದು ಅಂಕಿ ನೋಡಬೇಕು: ಎಷ್ಟು ಪಿಸಿಐಇ ಲೇನ್, ಅಂದರೆ ಕಾರ್ಡಿಗೂ ಬೋರ್ಡಿಗೂ ನಡುವೆ ದತ್ತಾಂಶ ಓಡಾಡಲು ಎಷ್ಟು ದಾರಿ. ಆರ್‌ಟಿಎಕ್ಸ್ 4060, ಆರ್‌ಟಿಎಕ್ಸ್ 5060, ಆರ್‌ಎಕ್ಸ್ 6600, ಆರ್‌ಎಕ್ಸ್ 7600 ಇವೆಲ್ಲ 8 ಲೇನ್ ಮಾತ್ರ ಬಳಸುತ್ತವೆ. ಆರ್‌ಎಕ್ಸ್ 6500 ಎಕ್ಸ್‌ಟಿ ಬರೀ 4. ಬಿ350, ಬಿ450, ಝಡ್370, ಝಡ್390 ಬೋರ್ಡ್‌ಗಳು ಪಿಸಿಐಇ 3.0. ಲೇನ್ ಕಡಿಮೆ, ಪ್ರತಿ ಲೇನಿನ ವೇಗವೂ ಪಿಸಿಐಇ 4.0ರ ಅರ್ಧ. ಕಾರ್ಡಿನ ಮೆಮೊರಿ ಸಾಕಾಗುವವರೆಗೆ ಹೆಚ್ಚು ವ್ಯತ್ಯಾಸ ತಿಳಿಯುವುದಿಲ್ಲ. 8 ಜಿಬಿ ತುಂಬಿ ರ‍್ಯಾಮ್ ಕಡೆಗೆ ಹೋಗಿಬರಲು ಶುರುವಾದಾಗ ಈ ಕಿರಿದಾದ ದಾರಿಯಲ್ಲೇ ಎಲ್ಲ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಪಿಸಿಐಇ 3.0 ಬೋರ್ಡ್ ಇದ್ದವರು 12 ಅಥವಾ 16 ಜಿಬಿ ಕಾರ್ಡ್ ಕಡೆಗೆ ವಾಲಿ, ಒಂದು ದರ್ಜೆ ಹಿಂದಿನದಾದರೂ ಚಿಂತೆಯಿಲ್ಲ. ಇಂಟೆಲ್‌ನ ಆರ್ಕ್ ಕಾರ್ಡ್‌ಗಳು ಚೆನ್ನಾಗಿ ಓಡಲು ಬಯೋಸ್‌ನಲ್ಲಿ ರೀಸೈಜೆಬಲ್ ಬಾರ್ (ಕಾರ್ಡಿನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ತಲುಪಲು ಬಿಡುವ ಸೌಲಭ್ಯ) ಇರಲೇಬೇಕು. ಇಲ್ಲದ ಹಳೆಯ ಬೋರ್ಡಿಗೆ ಅವು ಬೇಡ.

ಉದ್ದ, ದಪ್ಪ ಎರಡೂ ಅಳೆಯಿರಿ. ಹಿಂಬದಿಯ ಸ್ಲಾಟ್ ಪಟ್ಟಿಯಿಂದ ಮುಂದಿನ ಫ್ಯಾನ್‌ವರೆಗೆ ಟೇಪ್ ಹಿಡಿದು, ಕಾರ್ಡಿನ ಉದ್ದಕ್ಕಿಂತ ಕನಿಷ್ಠ 2 ಸೆಂ.ಮೀ. ಹೆಚ್ಚು ಜಾಗ ಇರಲಿ. 300 ಮಿ.ಮೀ. ಮೀರಿದ, ಮೂರು ಸ್ಲಾಟ್ ನುಂಗುವ ಕಾರ್ಡ್‌ಗಳು ಈಗ ಸಾಮಾನ್ಯ.

ಹಂತ 5: ಪವರ್ ಸಪ್ಲೈಯನ್ನು ಕಡೆಗಣಿಸಬೇಡಿ

ಲೆಕ್ಕ ಸುಲಭ. ಕಾರ್ಡಿನ ವ್ಯಾಟ್, ಪ್ರೊಸೆಸರ್‌ನ ವ್ಯಾಟ್, ಉಳಿದೆಲ್ಲಕ್ಕೆ 75 ವ್ಯಾಟ್ ಕೂಡಿಸಿ ಒಂದೂವರೆಯಿಂದ ಗುಣಿಸಿ. ಆರ್‌ಟಿಎಕ್ಸ್ 4070ಗೆ 200, 5700ಎಕ್ಸ್3ಡಿಗೆ 105, ಜೊತೆಗೆ 75 ಸೇರಿ 380, ಗುಣಿಸಿದರೆ 570. ಅಲ್ಲಿಗೆ ಒಳ್ಳೆಯ 600 ಅಥವಾ 650 ವ್ಯಾಟ್‌ನದು ಸಾಕು. ಆರ್‌ಟಿಎಕ್ಸ್ 3080 ಆದರೆ ಕಾರ್ಡೇ 320 ವ್ಯಾಟ್, ಅಲ್ಲಿಗೆ 750 ಬೇಕು. ಈ ಅರ್ಧಪಾಲು ಹೆಚ್ಚುವರಿ ಯಾಕೆಂದರೆ ಕಾರ್ಡ್‌ಗಳು ಮಿಲಿಸೆಕೆಂಡುಗಳ ಕಾಲ ತಮ್ಮ ಮಿತಿಗಿಂತ ಬಹಳ ಮೇಲಕ್ಕೆ ಜಿಗಿಯುತ್ತವೆ. ಆ ಕ್ಷಣದಲ್ಲಿ ಪವರ್ ಸಪ್ಲೈನ ರಕ್ಷಣೆ ಎಚ್ಚೆತ್ತು ಪಿಸಿ ಪೂರ್ತಿ ಆರಿಹೋಗುತ್ತದೆ. ನೀಲಿ ಪರದೆ ಬಾರದೆ, ಆಟದ ನಡುವೆ ಥಟ್ಟನೆ ಕಪ್ಪಾದರೆ ಮೊದಲ ಅನುಮಾನ ಇಲ್ಲೇ.

80 ಪ್ಲಸ್ ಗೋಲ್ಡ್ ಎಂಬ ಗುರುತು ವಿದ್ಯುತ್ ಎಷ್ಟು ಪೋಲಾಗುವುದಿಲ್ಲ ಎಂದಷ್ಟೇ ಹೇಳುತ್ತದೆ, ಬಾಳಿಕೆಯ ಭರವಸೆ ಕೊಡುವುದಿಲ್ಲ. ವಾರಂಟಿ ಮುಗಿದು ಎರಡು ವರ್ಷ ದಾಟಿದ ಪವರ್ ಸಪ್ಲೈಗೆ ಹೊಸ ದುಬಾರಿ ಕಾರ್ಡ್ ಕಟ್ಟಬೇಡಿ. ಬದಲಿಸುವಾಗ ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಹಳೆಯ ಮಾಡ್ಯುಲರ್ (ಎರಡೂ ತುದಿ ಕಳಚಬಹುದಾದ) ಕೇಬಲ್‌ಗಳನ್ನು ಹೊಸದಕ್ಕೆ ಸಿಕ್ಕಿಸಲೇಬೇಡಿ. ತುದಿ ಸರಿಯಾಗಿ ಕೂತರೂ ಪವರ್ ಸಪ್ಲೈ ಕಡೆಯ ಪಿನ್‌ಗಳ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋಗಿ ಡ್ರೈವ್‌ಗಳು ಸುಟ್ಟುಹೋಗುತ್ತವೆ, ದತ್ತಾಂಶದ ಸಮೇತ.

ಹಂತ 6: ತಂತ್ರಾಂಶವೇ ವಿಧಿಸುವ ಗಡಿ

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 (ಭದ್ರತಾ ಕೀಲಿಗಳನ್ನು ಕಾಯುವ ವ್ಯವಸ್ಥೆ), ಜೊತೆಗೆ ಇಂಟೆಲ್ 8ನೇ ತಲೆಮಾರು ಅಥವಾ ರೈಜನ್ 2000 ಸರಣಿಯಿಂದ ಮೇಲಿನ ಚಿಪ್ ಬೇಕು. ಬ್ಯಾಟಲ್‌ಫೀಲ್ಡ್ 6ನಂಥ ಆನ್‌ಲೈನ್ ಗೇಮ್‌ಗಳು ಸೆಕ್ಯೂರ್ ಬೂಟ್ (ಸಹಿಯಿರುವ ತಂತ್ರಾಂಶ ಮಾತ್ರ ಬೂಟ್ ಆಗಲು ಬಿಡುವ ರಕ್ಷಣೆ) ಇಲ್ಲದೆ ತೆರೆಯುವುದೇ ಇಲ್ಲ. ಟಿಪಿಎಂ ಎಷ್ಟೋ ಪಿಸಿಗಳಲ್ಲಿ ಇದ್ದೂ ಆಫ್ ಆಗಿರುತ್ತದೆ: ಬಯೋಸ್‌ನಲ್ಲಿ ಇಂಟೆಲ್ ಆದರೆ ಪಿಟಿಟಿ, ಎಎಂಡಿ ಆದರೆ ಎಫ್‌ಟಿಪಿಎಂ ಎಂದು ಹುಡುಕಿ. ಸೆಕ್ಯೂರ್ ಬೂಟ್‌ಗೆ ಡಿಸ್ಕ್‌ನ ವಿಭಜನೆ ಜಿಪಿಟಿ ವಿಧಾನದಲ್ಲಿರಬೇಕು. ಹಳೆಯ ಎಂಬಿಆರ್ ಆಗಿದ್ದರೆ ವಿಂಡೋಸ್‌ನಲ್ಲೇ ಇರುವ ಎಂಬಿಆರ್2ಜಿಪಿಟಿ ಸಾಧನದಿಂದ ಪರಿವರ್ತಿಸಿ, ಬ್ಯಾಕಪ್ ತೆಗೆದ ಮೇಲೆ. ಪರಿವರ್ತಿಸದೆ ಸಿಎಸ್‌ಎಂ (ಬಯೋಸ್‌ನ ಹಳೆಯ ಬೂಟ್ ವಿಧಾನ) ಆಫ್ ಮಾಡಿದರೆ ಪಿಸಿ ಬೂಟ್ ಆಗದು.

ಕಾರ್ಡಿಗೂ ಇಂಥ ಗಡಿ ಇದೆ. ಎನ್‌ವಿಡಿಯಾ 900 ಮತ್ತು 10 ಸರಣಿಗಳಿಗೆ ಹೊಸ ಗೇಮ್ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರ್‌ಗೆ ನಿಲ್ಲಿಸಿತು, ಭದ್ರತಾ ನವೀಕರಣ ಮಾತ್ರ 2028ರ ಅಕ್ಟೋಬರ್‌ವರೆಗೆ. 2025ರ ಡೂಮ್: ದ ಡಾರ್ಕ್ ಏಜಸ್ ರೇ ಟ್ರೇಸಿಂಗ್ (ಬೆಳಕಿನ ದಾರಿಯನ್ನು ಲೆಕ್ಕಹಾಕುವ) ಹಾರ್ಡ್‌ವೇರ್ ಕಡ್ಡಾಯ ಮಾಡಿತು. ಹಾಗಾಗಿ ಅದಿಲ್ಲದ ಜಿಟಿಎಕ್ಸ್ 1080 ಟಿಐ ಎಷ್ಟೇ ಬಲಶಾಲಿಯಾಗಿದ್ದರೂ ಅಂಥ ಆಟಗಳಿಗೆ ಸಲ್ಲದು.

ಹಂತ 7: ಎರಡು ಪಟ್ಟಿ

ಹಾಳೆಯ ನಡುವೆ ಗೆರೆ ಎಳೆಯಿರಿ. ಕೊಳ್ಳಬೇಕಾದ ಭಾಗಗಳಲ್ಲಿ ಮುಂದಿನ ಪಿಸಿಗೂ ಬರುವಂಥವು ಎಡಕ್ಕೆ: ಕಾರ್ಡ್, ಪವರ್ ಸಪ್ಲೈ, ಎನ್‌ವಿಎಂಇ, ಕ್ಯಾಬಿನೆಟ್, ಮಾನಿಟರ್. ಈ ಪಿಸಿಯ ಜೊತೆಗೇ ಮುಗಿಯುವಂಥವು ಬಲಕ್ಕೆ: ಹಳೆಯ ಸಾಕೆಟ್‌ನ ಪ್ರೊಸೆಸರ್, ಡಿಡಿಆರ್4, ಹಳೆಯ ಬೋರ್ಡ್. ನಿಮಗೆ ಬೇಕಾದ ದರ್ಜೆಯ ಹೊಸ ಪಿಸಿಗೆ 100 ಪಾಲು ಖರ್ಚೆಂದು ಇಟ್ಟುಕೊಳ್ಳಿ. ಬಲಗಡೆಯ ಮೊತ್ತ 25 ಪಾಲಿನೊಳಗಿದ್ದು, ಅದರಿಂದ ಇನ್ನೂ ಮೂರು ವರ್ಷ ನಡೆಯುತ್ತದೆ ಅನಿಸಿದರೆ ಬಿಡಿಭಾಗವನ್ನೇ ಬದಲಿಸಿ. 30 ದಾಟಿದರೆ ಹೊಸದು ಕಟ್ಟಿ. ಎಡಗಡೆ ಎಷ್ಟಿದ್ದರೂ ಅದು ನಷ್ಟವಲ್ಲ, ಮುಂಗಡ ಖರೀದಿ. ಈ ಅಂಕಿಗಳು ನಮ್ಮ ಅಂದಾಜು. ಆದರೆ ಹಳೆಯ ಸಾಕೆಟ್‌ಗೆ ಹೊಸ ಬೋರ್ಡ್ ಕೊಳ್ಳುವ ಯೋಚನೆ ಬಂದರೆ ಲೆಕ್ಕಕ್ಕೂ ಕೂರಬೇಡಿ. ಒಳ್ಳೆಯ ಪ್ರೊಸೆಸರ್ ಇದ್ದು ಬೋರ್ಡ್ ಸತ್ತಾಗ ಮಾತ್ರ ಅದು ಸರಿ.

ಪೂರ್ತಿ ಹೊಸದಕ್ಕೆ ಹಣ ಸಾಲದಿದ್ದರೆ ಎರಡು ಕಂತಿನಲ್ಲಿ ಹೋಗಿ. ಈ ಸಲ ಎಡಗಡೆಯ ಕಾರ್ಡ್ ಮತ್ತು ಪವರ್ ಸಪ್ಲೈ ತಂದು ಹಳೆಯ ಪಿಸಿಯಲ್ಲೇ ಬಳಸಿ, ಮುಂದಿನ ಸಲ ಬೋರ್ಡ್, ಪ್ರೊಸೆಸರ್, ರ‍್ಯಾಮ್.

ಹಂತ 8: ಅಳವಡಿಸುವಾಗ ಆಗುವ ಅನಾಹುತಗಳು

ಮೊದಲು ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) ರಿಕವರಿ ಕೀ ಬರೆದಿಟ್ಟುಕೊಳ್ಳಿ. ಪ್ರೊಸೆಸರ್ ಬದಲಿಸಿದಾಗ ಎಫ್‌ಟಿಪಿಎಂ ಅಳಿಸಿಹೋಗುತ್ತದೆ. ಕೀ ಇಲ್ಲದಿದ್ದರೆ ಡಿಸ್ಕ್ ತೆರೆಯುವುದಿಲ್ಲ. ಬೋರ್ಡ್ ಬದಲಿಸುವವರು ವಿಂಡೋಸ್ ಪರವಾನಗಿಯನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿರಲಿ. ಪಿಸಿ ಜೊತೆಗೆ ಬಂದ ಒಇಎಂ ಪರವಾನಗಿ ಹಳೆಯ ಬೋರ್ಡಿಗೇ ಕಟ್ಟುಬಿದ್ದಿರುತ್ತದೆ. ಹೊಸ ಪ್ರೊಸೆಸರ್‌ಗೆ ಬೇಕಾದ ಬಯೋಸ್ ಅನ್ನು ಹಳೆಯ ಪ್ರೊಸೆಸರ್ ಇರುವಾಗಲೇ ಹಾಕಿ, ಫ್ಯಾಟ್32 ಮಾಡಿದ ಪೆನ್‌ಡ್ರೈವ್‌ನಿಂದ. ನಡುವೆ ಕರೆಂಟ್ ಹೋಗಬಾರದು.

ಎಎಂ4 ಪ್ರೊಸೆಸರ್ ತೆಗೆಯುವಾಗ ಕೈ ನಿಧಾನವಿರಲಿ. ಇದರಲ್ಲಿ ಪಿನ್‌ಗಳು ಚಿಪ್‌ನ ಕೆಳಗಿರುತ್ತವೆ, ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದಿರುತ್ತದೆ. ಕೂಲರ್ ನೇರ ಮೇಲಕ್ಕೆ ಎಳೆದರೆ, ಲಿವರ್ ಮುಚ್ಚಿರುವಾಗಲೇ ಚಿಪ್ ಸಾಕೆಟ್‌ನಿಂದ ಕಿತ್ತುಕೊಂಡು ಬರುತ್ತದೆ, ಪಿನ್ ಬಾಗುತ್ತವೆ. ಆದ್ದರಿಂದ ಹತ್ತು ನಿಮಿಷ ಗೇಮ್ ಓಡಿಸಿ ಪೇಸ್ಟ್ ಬಿಸಿ ಮಾಡಿ, ಪಿಸಿ ಆಫ್ ಮಾಡಿ ಪ್ಲಗ್ ಕಿತ್ತು, ಕ್ಲಿಪ್ ಸಡಿಲಿಸಿ. ಕೂಲರ್ ಅನ್ನು ಎಡಕ್ಕೆ ಬಲಕ್ಕೆ ಸ್ವಲ್ಪಸ್ವಲ್ಪವೇ ತಿರುಚಿ. ಅಂಟು ಬಿಟ್ಟದ್ದು ಕೈಗೆ ತಿಳಿಯುತ್ತದೆ, ಆಗ ಒಂದು ಅಂಚಿನಿಂದ ಓರೆಯಾಗಿ ಎತ್ತಿ. ಚಿಪ್ ಅಂಟಿಕೊಂಡೇ ಬಂದರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಗಟ್ಟಿ ನೂಲನ್ನು ಎರಡರ ನಡುವೆ ತೂರಿಸಿ ಗರಗಸದಂತೆ ಎಳೆಯಿರಿ. ಹೊಸ ಚಿಪ್‌ನ ಚಿನ್ನದ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ ಇಟ್ಟರೆ ತನ್ನ ತೂಕಕ್ಕೇ ಇಳಿಯಬೇಕು. ಒತ್ತಬೇಕು ಅನಿಸಿದರೆ ಏನೋ ತಪ್ಪಿದೆ.

ಕಾರ್ಡ್ ಬದಲಿಸುವ ಮುನ್ನ ಇಂಟರ್‌ನೆಟ್ ಕಡಿದು, ಸೇಫ್ ಮೋಡ್‌ನಲ್ಲಿ ಡಿಡಿಯು ತಂತ್ರಾಂಶ ಓಡಿಸಿ ಹಳೆಯ ಡ್ರೈವರ್ ತೆಗೆಯಿರಿ. ಎರಡು 8 ಪಿನ್ ಕೇಳುವ ಕಾರ್ಡಿಗೆ ಒಂದೇ ಕೇಬಲ್‌ನ ಎರಡು ತಲೆ ಬಳಸದೆ ಎರಡು ಬೇರೆ ಕೇಬಲ್ ಎಳೆಯಿರಿ. 16 ಪಿನ್‌ನ ಹೊಸ ಕನೆಕ್ಟರ್ ಆದರೆ ಸಂದಿಯೇ ಕಾಣದಷ್ಟು ಒಳಗೆ ಒತ್ತಿ, ಮೊದಲ 3–4 ಸೆಂ.ಮೀ. ಬಾಗಿಸಬೇಡಿ. ಅರೆಬರೆ ಕೂತ ಕನೆಕ್ಟರ್ ಕಾದು ಕರಗುತ್ತದೆ.

ಎಲ್ಲ ಮುಗಿದ ಮೇಲೆ ಎಕ್ಸ್‌ಎಂಪಿ ಮತ್ತೆ ಆನ್ ಮಾಡಿ, ಬಯೋಸ್ ನವೀಕರಣ ಅದನ್ನು ಅಳಿಸಿರುತ್ತದೆ. ಹಂತ 2ರಲ್ಲಿ ಓಡಿದ ಅದೇ ಬೀದಿಯಲ್ಲಿ ಮೂರು ಸಲ ಓಡಿ, ಬರೆದಿಟ್ಟ ಅಂಕಿಯ ಪಕ್ಕದಲ್ಲೇ ಹೊಸದನ್ನು ಬರೆಯಿರಿ. ನಿರೀಕ್ಷಿಸಿದಷ್ಟು ಏರದಿದ್ದರೆ ಅಂಗಡಿಯ ವಾಪಸಾತಿ ಅವಧಿ ಮುಗಿಯುವ ಮೊದಲೇ ತಿಳಿಯಬೇಕು. ಹಳೆಯ ಡ್ರೈವ್ ಮಾರುವುದಾದರೆ, ಎಸ್‌ಎಸ್‌ಡಿ ಆಗಿದ್ದರೆ ತಯಾರಕರ ಸಾಧನದಿಂದ ಸೆಕ್ಯೂರ್ ಇರೇಸ್ ಮಾಡಿ. ಹಾರ್ಡ್ ಡಿಸ್ಕ್‌ಗೆ ಕ್ವಿಕ್ ಫಾರ್ಮ್ಯಾಟ್ ಸಾಲದು, ಪೂರ್ಣ ಫಾರ್ಮ್ಯಾಟ್ ಬೇಕು.